ಮೈಮೂನಾರ ಓಣಿಯಲ್ಲಿ ಹದಿನಾಲ್ಕು ನಿಮಿಷ

ಟಾನ್ಯಾಳ ವಿಡಿಯೋಗಳಲ್ಲಿ ಟಾನ್ಯಾ ಇರುತ್ತಿರಲಿಲ್ಲ. ಫೋನನ್ನು ಎದೆಗೆ ಕಟ್ಟಿಕೊಂಡು ಬೆಳಿಗ್ಗೆ ಆರೂವರೆಗೆ ಮಂಗಳೂರಿನ ಬೋಳಾರದ ಮನೆಯಿಂದ ಹೊರಟರೆ, ರಸ್ತೆ ತಾನಾಗಿ ಎದುರು ಬಂದು ಅವಳ ಮೂಲಕ ಹಾದು ಹಿಂದಕ್ಕೆ ಹೋಗುತ್ತಿತ್ತು. ಗೇಟಿಗೆ ನೇತುಬಿದ್ದ ಹಾಲಿನ ಪ್ಲಾಸ್ಟಿಕ್ ತೊಟ್ಟೆ, ತೊಳೆದ ಅಂಗಳದ ನೀರು, ಹೊಳೆಯ ಕಡೆಯಿಂದ ಬರುವ ತೇವದ ಗಾಳಿ. ನೋಡುವವರೆಲ್ಲ ದೂರದವರು: ದೋಹಾ, ಕುವೈತ್, ದಮ್ಮಾಮ್. "ಸ್ವಲ್ಪ ನಿಧಾನ ಹೋಗಿ", "ಆ ಗೂಡಂಗಡಿಯ ಎಡಕ್ಕೆ ಒಮ್ಮೆ ತಿರುಗಿ" ಎಂದು ಬರೆಯುತ್ತಿದ್ದರು. ಅವಳು ತಿರುಗುತ್ತಿದ್ದಳು. ಎರಡು ವರ್ಷದಲ್ಲಿ ಎಷ್ಟು ಜನರ ತಿರುವು ತಿರುಗಿದ್ದಳೆಂದರೆ, ಕನಸಿನಲ್ಲಿ ಯಾರದೋ ಬಾಲ್ಯದ ದಾರಿಯಲ್ಲಿ ಯಾರದೋ ಕಾಲಿನಿಂದ ನಡೆದು, ಎದ್ದಾಗ ಮೀನಖಂಡ ನೋಯುತ್ತಿತ್ತು.

"ಕಾಲು ನಿಂದು, ಚಪ್ಪಲಿ ನಂದು, ಮುಖ ಯಾರದ್ದೂ ಇಲ್ಲ. ಇದಕ್ಕೆ ಒಂಬತ್ತು ಸಾವಿರ ಜನ!" ಎಂದು ತಾಯಿ ಗ್ಲ್ಯಾಡಿಸ್ ಚಹಾ ಸೋಸುತ್ತಾ ಕೀಟಲೆ ಮಾಡುತ್ತಿದ್ದಳು.

ಆ ಜನ ಬರುತ್ತಿದ್ದುದು ಒಂದೇ ಒಂದು ನಂಬಿಕೆಯ ಮೇಲೆ. ಟಾನ್ಯಾ ವಿಡಿಯೋಗೆ ಕತ್ತರಿ ಹಾಕುವುದಿಲ್ಲ. ಹೊರಟಲ್ಲಿಂದ ನಿಂತಲ್ಲಿಯವರೆಗೆ ಎಷ್ಟು ನಡೆದಳೋ ಅಷ್ಟು. ದನ ಅಡ್ಡ ಬಂದರೆ ದನ, ತಪ್ಪು ಓಣಿಗೆ ನುಗ್ಗಿದರೆ ತಪ್ಪು ಓಣಿ.

ಒಂದು ದಿನ ದಮ್ಮಾಮಿನಿಂದ ಧ್ವನಿ ಸಂದೇಶ ಬಂತು. ಮೈಮೂನಾ ಎಂಬವರು. ಮಗನ ಜೊತೆ ಇದ್ದಾರಂತೆ, ಊರಿಗೆ ಬರದೆ ಹನ್ನೊಂದು ವರ್ಷ, ಮಂಡಿ ಮಡಚುವುದಿಲ್ಲ. "ಕುದ್ರೋಳಿಯಲ್ಲಿ ನಾವಿದ್ದ ಮನೆಯ ಹತ್ತಿರ ಹೋಗ್ತೀಯಾ ಮಗಳೇ? ಬಾಡಿಗೆ ಮನೆ, ಆದ್ರೆ ಇಪ್ಪತ್ತೆರಡು ವರ್ಷ ಇದ್ದೆ. ಹೊಲಿಗೆ ಮಿಷನ್ ಶಬ್ದ ಕೇಳಿದಲ್ಲಿ ಬಲಕ್ಕೆ. ಬ್ರೆಡ್ ಬೇಯುವ ಪರಿಮಳ ಬಂದಲ್ಲಿ ಎಡಕ್ಕೆ. ಮತ್ತೆ ಮೂರು ಮೆಟ್ಟಿಲಿನ ಮನೆ."

ಭಾನುವಾರ ಟಾನ್ಯಾ ಕುದ್ರೋಳಿಯಲ್ಲಿ ಬಸ್ಸಿಳಿದು ಆ ಸಂದೇಶವನ್ನು ಕಿವಿಯಲ್ಲಿ ಹಾಕಿಕೊಂಡು ನಡೆದಳು. ಶಬ್ದ ಇರಲಿಲ್ಲ. ಕ್ಯಾಂಟೀನಿನ ಶಟರು ಎತ್ತುತ್ತಿದ್ದ ಅರಾಫತ್ ಎಂಬವನನ್ನು ಕೇಳಿದಳು.

"ಟೈಲರಾ? ಅವರು ತೀರಿಹೋಗಿ ನಾಲ್ಕು ವರ್ಷ ಆಯ್ತು. ಮಿಷನ್ ಈಗಲೂ ಉಂಟು ಮಾರಾಯ್ತಿ, ಮಗ ಅದರ ಮೇಲೆ ಟಿವಿ ಇಟ್ಟಿದ್ದಾನೆ."

"ಬೇಕರಿ?"

"ಅದು ಈಗ ಮೊಬೈಲ್ ಅಂಗಡಿ. ನೀವು ಯಾವ ಕಾಲದಿಂದ ಬಂದದ್ದು?" ಎಂದು ನಗುತ್ತಾ ಅವನು ಎರಡೂ ತಿರುವಿನತ್ತ ಕೈ ತೋರಿಸಿದ.

ಇಲ್ಲದ ಶಬ್ದದ ಬಳಿ ಅವಳು ಬಲಕ್ಕೆ ತಿರುಗಿದಳು, ಇಲ್ಲದ ಪರಿಮಳದ ಬಳಿ ಎಡಕ್ಕೆ. ದಾರಿ ತಪ್ಪಲಿಲ್ಲ. ಓಣಿಯ ಕೊನೆಯಲ್ಲಿ ಐದು ಮಹಡಿಯ ಫ್ಲ್ಯಾಟು ನಿಂತಿತ್ತು. ಮೆಟ್ಟಿಲಿರಬೇಕಾದ ಜಾಗದಲ್ಲಿ ಬಿಳಿ ಕಾರಿನ ಮೂತಿ.

ಬಾಡಿಗೆ ಮನೆ ಬಿದ್ದರೆ ಹಳೆಯ ಬಾಡಿಗೆದಾರರಿಗೆ ಯಾರು ತಿಳಿಸುತ್ತಾರೆ? ತಿಳಿಸುವ ಕೆಲಸ ಈಗ ಅವಳ ಎದೆಯ ಮೇಲಿನ ಫೋನಿಗೆ ಬಂದಿತ್ತು. ವಿಡಿಯೋ ಒಟ್ಟು ಹದಿನಾಲ್ಕು ನಿಮಿಷ, ಕೊನೆಯ ನಲವತ್ತು ಸೆಕೆಂಡು ಆ ಕಟ್ಟಡ.

ಮನೆಗೆ ಬಂದವಳು ಊಟದ ಮೇಜಿನ ಮುಂದೆ ಬಹಳ ಹೊತ್ತು ಕೂತಳು. ನಂತರ ಮೊದಲ ಬಾರಿಗೆ ಕತ್ತರಿಯ ಗುರುತಿನ ಮೇಲೆ ಬೆರಳಿಟ್ಟಳು. ಎಷ್ಟು ಸಲೀಸು! ವಿಡಿಯೋ ಈಗ ತಿರುವಿನಲ್ಲಿಯೇ, ಗೋಡೆಯ ಮೇಲೆ ಬಿದ್ದ ಬಿಸಿಲಿನಲ್ಲಿ ಕರಗಿ ಮುಗಿಯುತ್ತಿತ್ತು. ಮನೆ ಇನ್ನೇನು ಬಂದೇಬಿಟ್ಟಿತು ಅನ್ನುವಂತೆ. ನೋಡಲು ಚಂದವೂ ಇತ್ತು, ಅದೇ ಅವಳಿಗೆ ಹೇಸಿಗೆ ತಂದದ್ದು. ಆದರೂ ಕಳಿಸಿದಳು.

ಹನ್ನೊಂದು ಗಂಟೆಗೆ ಕರೆ ಬಂತು.

"ಎಷ್ಟು ಚಂದ ನಡೀತೀ ಮಗಳೇ. ಆದ್ರೆ ತಿರುವಿನಲ್ಲಿ ನಿಂತುಬಿಟ್ಟೆಯಲ್ಲ? ಕಾಲು ನೋವು ಬಂತಾ?"

"ಇಲ್ಲ ಆಂಟಿ. ಫೋನು... ಚಾರ್ಜ್..." ಎಂದಳು ಟಾನ್ಯಾ. ಆಚೆ ಮೈಮೂನಾ ಕಾಯುತ್ತಿದ್ದರು. ಆ ಕಾಯುವಿಕೆಯಲ್ಲಿ ಸಂಶಯವಿರಲಿಲ್ಲ, ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. "ಸುಳ್ಳು ಹೇಳಿದೆ ಆಂಟಿ. ನಾನೇ ಕತ್ತರಿಸಿದ್ದು. ಮನೆ ಇಲ್ಲ. ಫ್ಲ್ಯಾಟ್ ಆಗಿದೆ."

ದಮ್ಮಾಮಿನಲ್ಲಿ ಮೈಮೂನಾ ಕೋಣೆಯ ಏಸಿ ಆರಿಸಿದ ಸದ್ದು ಕೇಳಿಸಿತು.

"ಮೆಟ್ಟಿಲೂ?"

"ಮೆಟ್ಟಿಲೂ."

"ಅಲ್ಲಾ..." ಮೂಗು ಒರೆಸಿಕೊಂಡ ಸದ್ದು. ಮತ್ತೆ, ಸಿಟ್ಟಿನಲ್ಲಿಯೇ: "ನನ್ನನ್ನು ಮಗು ಅಂತ ಮಾಡಿದ್ದೀಯಾ? ನಾಲ್ಕು ಹೆತ್ತವಳು ನಾನು, ಒಂದನ್ನು ಮಣ್ಣು ಮಾಡಿದವಳು. ಮನೆ ಬಿದ್ದದ್ದನ್ನು ತಡೆದುಕೊಳ್ಳುವುದಿಲ್ಲವಾ?"

"ತಪ್ಪಾಯ್ತು."

"ತಪ್ಪು ಇರಲಿ. ಆ ಮನೆ ಎಂತ ನೋಡುವುದು, ಒಳಗೆ ಬರೀ ಗೋಡೆಯ ತೇವ, ಕತ್ತಲೆ. ನಾನು ಕೂತದ್ದು ಯಾವತ್ತೂ ಹೊರಗೆ, ಮೂರನೇ ಮೆಟ್ಟಿಲಿನಲ್ಲಿ, ಎದುರು ನೋಡುತ್ತಾ. ನೀನು ಆ ಮನೆಯ ಜಾಗಕ್ಕೆ ಬೆನ್ನು ಹಾಕಿ ನಿಂತೆಯಾ?"

"ಇಲ್ಲ."

"ಹಾಗಾದ್ರೆ ನೀನು ಅಲ್ಲಿಗೆ ಹೋಗಿಯೇ ಇಲ್ಲ."

ಮರುದಿನ ಕೆಲಸಕ್ಕೆ ರಜೆ ಹೇಳಿ ಟಾನ್ಯಾ ಮತ್ತೆ ಹೋದಳು. ಬಿಳಿ ಕಾರಿನ ಮೂತಿಗೂ ಗೇಟಿಗೂ ನಡುವೆ ಒಂದು ಮೊಳ ಜಾಗವಿತ್ತು. ಅಲ್ಲಿ ಎದೆಯ ಮೇಲಿನ ಫೋನನ್ನು ಚಾಲು ಮಾಡಿ, ಕಟ್ಟಡಕ್ಕೆ ಬೆನ್ನು ಹಾಕಿ, ಮೂರನೇ ಮೆಟ್ಟಿಲಿನಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಬರುವಷ್ಟು ಬಗ್ಗಿದಳು. ವಾಚ್‌ಮನ್ ಬಂದ.

"ಎಂತ ಶೂಟಿಂಗು? ಪರ್ಮಿಶನ್ ಉಂಟಾ?"

"ನಿಮ್ಮ ಬಿಲ್ಡಿಂಗನ್ನು ತೆಗೀತಾ ಇಲ್ಲ ಅಣ್ಣಾ. ಅದಕ್ಕೆ ಎದುರಿನದ್ದು."

"ಎದುರು ಎಂತ ಉಂಟು ಮಣ್ಣು?"

ಅವನೂ ಕುತೂಹಲಕ್ಕೆ ತಿರುಗಿ ನಿಂತ. ಎದುರು ಹಸಿರು ಹಾವಸೆ ಹಿಡಿದ ಗೋಡೆಯಿತ್ತು, ಅದರಾಚೆ ಹಂಚಿನ ಒಂದು ಮಾಡು, ಮಾಡಿನ ಅಂಚಿಗೆ ಸಿಕ್ಕಿಹಾಕಿಕೊಂಡಂಥ ಒಂದು ತುಂಡು ಆಕಾಶ. ಮೊದಲ ನಿಮಿಷ ಏನೂ ನಡೆಯಲಿಲ್ಲ. ನಡೆಯುವುದಕ್ಕೆ ಒಗ್ಗಿದ ಕಾಲುಗಳು ಮುಂದೆ ಹೋಗಲು ತವಕಿಸಿದವು. ಆರನೇ ನಿಮಿಷಕ್ಕೆ ಗೋಡೆಯ ಹಸಿರು ಮೆಲ್ಲನೆ ಹಳದಿಗೆ ತಿರುಗಿತು. ಒಂಬತ್ತನೆಯದಕ್ಕೆ ಬಂಗುಡೆ ಮೀನು ಮಾರುವವನ ಸ್ಕೂಟರಿನ ಪೋಂ ಪೋಂ ಎಲ್ಲಿಂದಲೋ ಬಂದು ಎಲ್ಲಿಗೋ ಹೋಯಿತು. ತಾನು ನಿಂತಿದ್ದೇನೋ ಕೂತಿದ್ದೇನೋ, ವಯಸ್ಸು ಇಪ್ಪತ್ತನಾಲ್ಕೋ ಅರವತ್ತೋ ಟಾನ್ಯಾಳಿಗೆ ತಿಳಿಯದಾಯಿತು. ಬೆನ್ನಿಗೆ ಮಾತ್ರ ಇಲ್ಲದ ಮನೆಯ ತೇವದ ತಂಪು ತಾಗಿದಂತಿತ್ತು.

ಹದಿಮೂರನೇ ನಿಮಿಷದಲ್ಲಿ ಹಂಚಿನ ಮಾಡಿನ ಕೆಳಗೆ ಕಿಟಕಿಯೊಂದು ತೆರೆಯಿತು. ಮುದುಕಿಯೊಬ್ಬಳು ಒದ್ದೆ ಬಟ್ಟೆಯನ್ನು ಸರಳಿಗೆ ಹಾಕುತ್ತಾ ಈ ಕಡೆ ನೋಡಿದಳು. ಕೈಯನ್ನು ಹುಬ್ಬಿನ ಮೇಲಿಟ್ಟು, ಹಳೆಯ ಗುರುತಿನವರನ್ನು ಕಂಡವಳಂತೆ, ಮತ್ತೊಮ್ಮೆ ನೋಡಿದಳು.

"ಯಾರದು ಅಲ್ಲಿ? ಬಂದದ್ದು ಯಾವಾಗ?"

ಟಾನ್ಯಾ ಫೋನನ್ನು ಎದೆಯಿಂದ ಬಿಚ್ಚಿ, ಮೈಮೂನಾರಿಗೆ ಆ ಮುಖ ಕಾಣಲೆಂದು ಕಿಟಕಿಯ ಕಡೆಗೆ, ತೋಳು ನೋಯುವಷ್ಟು ಎತ್ತರಕ್ಕೆ ಹಿಡಿದಳು.