ಮೇಕೆ ಮುಟ್ಟದ ಗಿಡ

ಆ ಬೀದಿಯ ಮೇಕೆಗಳಿಗೆ ಟೈಲರಮ್ಮನ ಅಂಗಳ ಅಂದರೆ ತವರುಮನೆ ಇದ್ದ ಹಾಗೆ. ಗುಲಾಬಿ ನೆಟ್ಟರೆ ಮೊಗ್ಗಿನ ಸಮೇತ ಹೋಯಿತು. ದಾಸವಾಳ ಚಿಗುರಿದ್ದೇ ತಡ, ಬರೀ ಕಡ್ಡಿ ಉಳಿಯಿತು. ಆಸೆಪಟ್ಟು ತಂದ ಸೀಬೆ ಸಸಿಯ ಗತಿಯೂ ಅದೇ. ಹೊಲಿಗೆ ಯಂತ್ರ ನಿಲ್ಲಿಸಿ, ಕೋಲು ಹುಡುಕಿ ಓಡಿಬರುವಷ್ಟರಲ್ಲಿ ಮೇಕೆ ಗಡ್ಡ ಅಲ್ಲಾಡಿಸುತ್ತ ಬೀದಿ ಸೇರಿರುತ್ತಿತ್ತು. ಅಂಗಳಕ್ಕೆ ಬೇಲಿಯೇ ಇರಲಿಲ್ಲ.

"ನೀನು ಗಿಡ ನೆಡ್ತಿಲ್ಲ ಕಣೇ, ಮೇಕೆಗೆ ಊಟ ಬಡಿಸ್ತಿದೀಯ," ಎಂದು ಅವಳ ಅತ್ತೆ ಬಾಗಿಲಲ್ಲಿ ಕೂತು ನಗುತ್ತಿದ್ದರು.

ಟೈಲರಮ್ಮನಿಗೆ ರೋಷ ಬಂತು. ಹೊಲಿದ ಬಟ್ಟೆ ಕೊಡಲು ಹೋಗುವಾಗೆಲ್ಲ ಆ ಮೇಕೆಗಳ ಮೇಲೇ ಕಣ್ಣಿಟ್ಟಳು. ಅವು ಮುಳ್ಳನ್ನೂ ಬಿಡಲಿಲ್ಲ, ಗೋಡೆಗೆ ಅಂಟಿಸಿದ ಕಾಗದವನ್ನೂ ಬಿಡಲಿಲ್ಲ. ರಸ್ತೆ ಬದಿಯ ಒಂದು ಪೊದೆಯ ಹತ್ತಿರ ಮಾತ್ರ ಮೂಗು ತಿರುಗಿಸಿ ಮುಂದೆ ಹೋದವು. ಮೈತುಂಬ ಗುಲಾಬಿ ಬಣ್ಣದ ಹೂಗೊಂಚಲು ಹೊತ್ತ ಕಣಗಿಲೆ ಅದು. ಸಿಕ್ಕಿತಲ್ಲ ಉಪಾಯ! ಅದರ ಟೊಂಗೆ ಮುರಿದು ತಂದು ಬಾಗಿಲ ಎರಡೂ ಬದಿಗೆ ಊರಿದಳು.

ಗಿಡ ನೀರು ಕೇಳಲಿಲ್ಲ, ಗೊಬ್ಬರ ಕೇಳಲಿಲ್ಲ. ಸುಡುಬಿಸಿಲಲ್ಲೂ ಹೂವೋ ಹೂವು. ಮೇಕೆಗಳು ಬಂದವು, ಮೂಸಿದವು, ಸಪ್ಪೆ ಮುಖ ಹಾಕಿಕೊಂಡು ಹೋದವು. ಟೈಲರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಅತ್ತೆಯಂತೂ ದಿನಾ ಒಂದು ಹೂ ಕಿತ್ತು ಮೊಮ್ಮಗಳ ಕೈಗೆ ಕೊಟ್ಟು ಆಡಿಸುತ್ತಿದ್ದರು. ಆ ಮೊಮ್ಮಗಳು, ಟೈಲರಮ್ಮನ ಒಬ್ಬಳೇ ಮಗಳು, ಈಗಷ್ಟೇ ಮಾತು ಕಲಿತವಳು. ಚುರುಕು ನೋಡಿ ಎಲ್ಲರೂ ಅವಳನ್ನು ಚೂಟಿ ಎಂದೇ ಕರೆಯುತ್ತಿದ್ದರು.

ಒಂದು ದಿನ ಪಕ್ಕದ ಬೀದಿಯ ನರ್ಸಕ್ಕ ಕೆಲಸದ ಬಟ್ಟೆ ಸಡಿಲ ಮಾಡಿಸಲು ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಟೈಲರಮ್ಮ, ಮಗು ಓಡಾಡೋ ಜಾಗದಲ್ಲಿ ಕಣಗಿಲೆ ನೆಟ್ಟಿದೀಯಲ್ಲೇ! ಮೇಕೆ ಯಾಕೆ ಇದನ್ನ ಮುಟ್ಟಲ್ಲ, ಯೋಚನೆ ಮಾಡಿದೀಯಾ?"

"ಕಹಿ ಇರ್ಬೇಕು ಬಿಡಕ್ಕ."

"ವಿಷ ಕಣೇ! ಎಲೆ, ಹೂವು, ಕಾಂಡ, ಬೇರು ಎಲ್ಲಾ ವಿಷ. ಒಣಗಿದ್ರೂ ವಿಷ ಹೋಗಲ್ಲ."

ಅತ್ತೆ ಕೈ ಅಲ್ಲಾಡಿಸಿದರು. "ಹೋಗಮ್ಮ, ನಿಮ್ಮ ಆಸ್ಪತ್ರೆಯವರಿಗೆ ಕಂಡಿದ್ದೆಲ್ಲಾ ಕಾಯಿಲೆ. ನಾನು ಹುಟ್ಟಿದಾಗಿಂದ ನೋಡ್ತಿದೀನಿ, ಈ ಗಿಡ ಯಾರನ್ನ ಕಚ್ಚಿದೆ?"

"ನಮ್ಮ ಚೂಟಿ ಎಲೆ ತಿನ್ನೋ ಮಗುನಾ ಅಕ್ಕ? ಅನ್ನ ತಿನ್ನಿಸೋಕೇ ನನಗೆ ಸಾಕುಸಾಕಾಗುತ್ತೆ," ಎಂದು ಟೈಲರಮ್ಮನೂ ನಕ್ಕಳು. "ಬಿಡುವಾದಾಗ ತೆಗೆಸೋಣ."

ಬಿಡುವು ಆಗಲೇ ಇಲ್ಲ. ಶಾಲೆ ಶುರುವಾಗುವ ಹೊತ್ತು, ಹೊಲಿಯಬೇಕಾದ ಸಮವಸ್ತ್ರಗಳ ರಾಶಿ. ಆ ಮಧ್ಯಾಹ್ನ ಯಂತ್ರ ಓಡುತ್ತಲೇ ಇತ್ತು. ಚೂಟಿ ಹೊಸ್ತಿಲ ಹತ್ತಿರ ಅಡುಗೆ ಆಟ ಆಡುತ್ತಿದ್ದಳು.

"ಅಮ್ಮಾ, ಟೀ ತಗೋ," ಎಂದು ಪುಟ್ಟ ಲೋಟ ಹಿಡಿದು ಬಂದಳು.

ಟೈಲರಮ್ಮ ಸೂಜಿಯ ಮೇಲಿನ ಕಣ್ಣು ತೆಗೆಯದೆ, ಲೋಟವನ್ನು ತುಟಿಗೂ ತಾಗಿಸದೆ, ಕುಡಿದ ಹಾಗೆ ಸೊರ್ ಎಂದು ಸದ್ದು ಮಾಡಿದಳು. "ಆಹಾ! ಎಷ್ಟು ಚೆನ್ನಾಗಿದೆ ನನ್ನ ಬಂಗಾರ! ನೀನೂ ಕುಡಿ."

ಮಗು ನಿಜವಾಗಿಯೇ ಕುಡಿಯಿತು. ಮುಖ ಕಿವುಚಿ, "ಕಯ್ಯಿ," ಅಂದಿತು.

"ಸಕ್ಕರೆ ಹಾಕೋದು ಮರೆತೆಯಾ?" ಎಂದು ನಗುತ್ತ ತಿರುಗಿದವಳ ಕಣ್ಣು ಲೋಟದೊಳಗೆ ಬಿತ್ತು. ನೀರಲ್ಲಿ ಜಜ್ಜಿದ ಎಲೆ. ಮೇಲೆ ಒಂದು ಗುಲಾಬಿ ಎಸಳು.

ಟೈಲರಮ್ಮ ಲೋಟ ಕಿತ್ತುಕೊಂಡಳು. ಕುಡಿ ಎಂದವಳು ನಾನೇ. ನನ್ನ ಬಾಯಿಂದಲೇ ಬಂತಲ್ಲ ಆ ಮಾತು!

ನೋಡನೋಡುತ್ತಿದ್ದಂತೆ ಮಗು ವಾಂತಿ ಮಾಡಿಕೊಂಡಿತು. ಅತ್ತೆ ಉಪ್ಪಿನ ಡಬ್ಬಿ ಹಿಡಿದು ಓಡಿಬಂದರು. "ಉಪ್ಪುನೀರು ಕುಡಿಸೇ, ಉಳಿದಿದ್ದನ್ನೂ ಕಕ್ಕಿಸೋಣ!"

ಅಷ್ಟರಲ್ಲಿ ಟೈಲರಮ್ಮ ನರ್ಸಕ್ಕನಿಗೆ ಫೋನ್ ಹಚ್ಚಿದ್ದಳು. ಆ ಕಡೆಯಿಂದ ದನಿ ಗಟ್ಟಿಯಾಗಿ ಬಂತು. "ಉಪ್ಪುನೀರು ಬೇಡ! ಬೆರಳು ಹಾಕಿ ಕಕ್ಕಿಸಬೇಡಿ. ಬಾಯಲ್ಲಿ ಎಲೆ ಉಳಿದಿದ್ರೆ ತೆಗೆದು ಒದ್ದೆ ಬಟ್ಟೇಲಿ ಒರೆಸಿ. ಆ ಗಿಡದ್ದೇ ಒಂದು ರೆಂಬೆ ಕವರ್‌ಗೆ ಹಾಕ್ಕೊಂಡು ಆಸ್ಪತ್ರೆಗೆ ಬಾ. ಒಂದು ಗಳಿಗೆಯೂ ಕಾಯಬೇಡ!"

ಆಸ್ಪತ್ರೆಯಲ್ಲಿ ಚೂಟಿಯ ಅಂಗೈಯಗಲದ ಎದೆಯ ಮೇಲೆ ವೈರುಗಳನ್ನು ಅಂಟಿಸಿದರು. ಕವರಿನಲ್ಲಿದ್ದ ರೆಂಬೆ ನೋಡಿದ ಡಾಕ್ಟರ ಮುಖ ಬಿಗಿಯಿತು. "ಇದು ಹೃದಯಕ್ಕೇ ಹೊಡೆಯೋ ವಿಷ. ಬಡಿತ ಆಗಲೇ ನಿಧಾನ ಆಗಿದೆ. ಬೇಗ ತಂದಿದೀರಿ, ಪ್ರಯತ್ನ ಮಾಡ್ತೀವಿ."

ಅತ್ತೆ ಗೋಡೆಗೆ ಒರಗಿ ಕುಸಿದರು. "ದಿನಾ ಆ ಹೂವನ್ನ ನಾನೇ ಕಿತ್ತು ಅವಳ ಕೈಗೆ ಕೊಡ್ತಿದ್ದೆನಲ್ಲೇ..."  ಟೈಲರಮ್ಮ ಎದೆಬಡಿತ ತೋರಿಸುವ ಪರದೆಯ ಮೇಲೆ ಏಳುತ್ತ ಬೀಳುತ್ತ ಓಡುವ ಗೆರೆಯನ್ನು ನೋಡುತ್ತ ನಿಂತಳು. ಗೆರೆ ತಡವಾದಾಗಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು.

ಮಾರನೆಯ ದಿನ ಬಿಸಿಲೇರಿದ ಮೇಲೆ ಗೆರೆಯ ಓಟ ಸರಿಯಾದ ಲಯಕ್ಕೆ ಬಂತು. ಚೂಟಿ ಕಣ್ಣು ಬಿಟ್ಟು, "ಅಮ್ಮಾ, ಹಚಿವು," ಅಂದಳು. ತಾಯಿ ಆಗ ಅತ್ತಳು.

ಮನೆಗೆ ಬಂದ ಮೇಲೆ ಮೊದಲ ಕೆಲಸ ಆ ಗಿಡಗಳದ್ದು. ಕೈಗವಸು ಹಾಕಿಕೊಂಡು ಬೇರು ಸಮೇತ ಅಗೆದರು. ಅತ್ತೆ ಬೆಂಕಿ ಹಚ್ಚಲು ಹೊರಟಾಗ ನರ್ಸಕ್ಕ ತಡೆದಳು. "ಹೊಗೆಯೂ ವಿಷವೇ ದೊಡ್ಡಮ್ಮ!" ಮೂಟೆ ಕಟ್ಟಿ, ಒಳಗಿರುವುದು ವಿಷದ ಗಿಡ ಎಂದು ಹೇಳಿಯೇ ಕಸದ ಗಾಡಿಗೆ ಕೊಟ್ಟರು.

"ಹಾಗಾದ್ರೆ ಗಟ್ಟಿ ಗಿಡಾನೇ ಬೇಡ್ವಾ ಅಕ್ಕ?" ಟೈಲರಮ್ಮ ಕೇಳಿದಳು.

"ಗಟ್ಟಿಯದ್ದೇ ಬೇಕು. ಆದ್ರೆ ಮೇಕೆ ಬಾರದ ಹಾಗೆ ಮಾಡೋಕೆ ಬೇಲಿ ಹಾಕ್ಬೇಕಿತ್ತು ಕಣೇ, ವಿಷ ನೆಡೋದಲ್ಲ. ಸೀಬೆ ನೆಡು, ದಾಳಿಂಬೆ ನೆಡು. ಬೇರು ಹಿಡಿಯೋವರೆಗೆ ನೀರು ನೋಡ್ಕೋ, ಆಮೇಲೆ ಬಿಸಿಲಿಗೆ ಜಗ್ಗಲ್ಲ. ನಿಂಬೆಗೆ ಮುಳ್ಳಿದೆ, ಅದು ಮಗು ಆಡೋ ಜಾಗ ಬಿಟ್ಟು ಬೇಲಿ ಪಕ್ಕ ಇರ್ಲಿ. ಹೂವಿಗೆ ದಾಸವಾಳ, ಮಲ್ಲಿಗೆ. ಒಂದ್ಸಲ ನೆಟ್ರೆ ವರ್ಷವರ್ಷಾನೂ ಬಿಡುತ್ತೆ. ಆಮೇಲೆ ಪುಟ್ಟ ಕವರಲ್ಲಿ ಉದ್ದ ಬೆಳೆದು ಕಾಯಿ ಬಿಟ್ಟಿರೋ ಸಸಿ ನೋಡಿ ಮರುಳಾಗಬೇಡ, ಅದರ ಬೇರು ಕವರೊಳಗೇ ಸುತ್ತಿಕೊಂಡಿರುತ್ತೆ. ಗಿಡ್ಡಗಿದ್ರೂ ಕಾಂಡ ದಪ್ಪಗಿರೋದನ್ನ ಆರಿಸು."

ಅಂಗಳಕ್ಕೆ ತಂತಿಬೇಲಿ ಬಂತು. ಸಸಿ ತರಲು ನರ್ಸರಿಗೆ ಹೋದಾಗ ಅತ್ತೆಯೇ ಮುಂದೆ. ಬಣ್ಣದ ಹೂವಿನ ಯಾವುದೋ ಗಿಡ ತೋರಿಸಿ, "ಇದು ಸಾಯೋದೇ ಇಲ್ಲಮ್ಮ," ಎಂದು ಹೊಗಳಿದ ನರ್ಸರಿಯವನಿಗೆ ಅವರು ಗದರಿದರು. "ಗಿಡ ಸಾಯಲ್ಲ ಸರಿ ಕಣಪ್ಪ, ಬಾಯಿಗಿಟ್ಟ ಮಗು? ಅದನ್ನ ಹೇಳು ಮೊದಲು!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಣ್ಣಿನ ಗಿಡ ನೆಡಿ, ಹೂವಿನ ಗಿಡ ನೆಡಿ. ಬಿಸಿಲು ತಡೆಯುವಂಥದ್ದನ್ನೇ ಆರಿಸಿ. ಆದರೆ ಹೆಸರು ಗೊತ್ತಿಲ್ಲದ ಗಿಡವನ್ನು ಗೊತ್ತಿದ್ದವರನ್ನು ಕೇಳದೆ ಮನೆಗೆ ತರಬೇಡಿ. ಕಣಗಿಲೆ ಒಂದೇ ಅಲ್ಲ, ದತ್ತೂರಿಯೂ ವಿಷ, ಹರಳು ಬೀಜವೂ ವಿಷ. ಮಗು ಇಂಥದ್ದೇನಾದರೂ ತಿಂದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ. ಈಗ ಓದಿದ್ದು ಸಾಕು, ಎದ್ದು ಅಂಗಳಕ್ಕೆ ಹೋಗಿ. ನಿಮ್ಮ ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಸುತ್ತ ನೋಡಿ. ಆ ಪುಟ್ಟ ಕೈಗೆ ಯಾವ ಯಾವ ಎಲೆ ಎಟುಕುತ್ತದೆ? ಅವುಗಳಲ್ಲಿ ಎಷ್ಟರ ಹೆಸರು ನಿಮಗೆ ಗೊತ್ತು?