ಚವರಿಯವಳ ಎರಡು ಕಣ್ಣು

"ಈಕಿ ಒಬ್ಬಾಕಿ ಯಾಕ ನಮ್ಮ ಕಡಿ ನೋಡಾಕತ್ಯಾಳ, ಈಶಪ್ಪಾ?"

ಶಹಾಪುರದ ವ್ಯಾಪಾರಿ ಭಗವಂತರಾಯರ ಬೆರಳು ಚಿತ್ರದ ಬಲಮೂಲೆಯಲ್ಲಿ ನಿಂತಿತು. ಅಲ್ಲಿಯವರೆಗೆ ಅವರು ಬಾಯ್ತುಂಬ ಹೊಗಳಿದ್ದರು. ಎರಡು ಗೇಣಿನ ಹಲಗೆಯ ಮೇಲೆ ಇಡೀ ದರ್ಬಾರು: ಗದ್ದುಗೆಯ ಮೇಲೆ ರಾಜ, ಸಾರಂಗಿಯವರು, ಅತ್ತರುದಾನಿ ಹಿಡಿದ ಹೆಂಗಸರು, ಬಾಗಿಲಲ್ಲಿ ನೂಕಾಡುವ ಜನ, ಒಬ್ಬನ ರುಮಾಲು ಇನ್ನೊಬ್ಬನ ಮೊಣಕೈಗೆ ಸಿಕ್ಕಿ ಜಾರುತ್ತಿತ್ತು. ಸುರಪುರದ ಈ ಚಿತ್ರಗಾರರ ಮನೆತನದ ಪದ್ಧತಿಯಂತೆ ಎಲ್ಲರದೂ ಪಕ್ಕದ ಮುಖ, ಒಂದೇ ಕಣ್ಣು, ಅದೂ ರಾಜನ ಕಡೆಗೆ. ಚವರಿ ಬೀಸುವವಳು ಮಾತ್ರ ಕತ್ತು ತಿರುಗಿಸಿ, ಎರಡೂ ಕಣ್ಣು ತೆರೆದು, ನೋಡುವವರನ್ನೇ ನೋಡುತ್ತಿದ್ದಳು.

"ತಪ್ಪಾಗ್ಯಾದ್ರಿ ಸಾವುಕಾರ್ರ. ತಿದ್ದಸ್ತೀನ್ರಿ" ಎಂದ ಈಶಪ್ಪ.

ಒಳಗೆ ಬಣ್ಣ ಅರೆಯುತ್ತಿದ್ದ ಅಕ್ಕ ಭಾಗಮ್ಮನ ಕೈ ನಿಂತಿತು. ತಮ್ಮನ ಕೈ ನಡುಗತೊಡಗಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಮುಖಗಳನ್ನೆಲ್ಲ ಬರೆಯುವವಳು ಅವಳು; ಹೆಸರು ಈಶಪ್ಪನದು. ಇಷ್ಟು ವರ್ಷಗಳಲ್ಲಿ ಅವಳು ಯಾರನ್ನೂ ಕೇಳದೆ ಬರೆದ ಮುಖ ಇದೊಂದೇ.

"ಹೊಸ ಸರ್ಕಾರದ ಸಾಹೇಬರಿಗೆ ನಜರಾನಾ ಕೊಡೋದದ. ನಿಜಾಮ ಹೋದ ಅಂತ ಹೆಣ್ಮಕ್ಕಳು ದರ್ಬಾರದಾಗ ಹಿಂಗ ದಿಟ್ಟಿಸಿ ನೋಡಬೇಕೇನು?" ಎಂದರು ಭಗವಂತರಾಯರು.

"ನೋಡ್ಲಿ ಬಿಡ್ರಿ." ಭಾಗಮ್ಮ ಹೊರಗೆ ಬಂದಿದ್ದಳು. "ಅದು ತಪ್ಪಲ್ರಿ. ನಾ ಬೇಕಂತ ಬರದೀನಿ. ಇದರಾಗಿನ ಎಲ್ಲಾ ಮಾರಿ ನಾನೇ ಬರದೀನಿ. ನೀವು ಇಷ್ಟೊತ್ತು ಹೊಗಳಿದ್ದು ನನ್ನ."

ಈಶಪ್ಪ ನೆಲ ನೋಡಿದ. ಭಗವಂತರಾಯರು ನಕ್ಕರು.

"ಛಲೋನೇ ಆತು. ಬರದ ಕೈಲೇ ಅಳಸವ್ವಾ. ನಾ ಇಲ್ಲೇ ಕುಂತಿರ್ತೀನಿ. ಅಳಸಿದ್ರ ಒಯ್ತೀನಿ, ಇಲ್ಲಂದ್ರ ಇಲ್ಲ."

"ಅಕ್ಕಾ, ಮನ್ಯಾಗ ಜ್ವಾಳ ತೀರ‍್ಯಾವ" ಎಂದ ತಮ್ಮ, ಅವಳಿಗಷ್ಟೇ ಕೇಳುವಂತೆ.

"ನನಗ ಗೊತ್ತಿಲ್ಲೇನು? ರೊಟ್ಟಿ ಬಡಿಯಾಕಿ ನಾನು."

ಅವಳು ಹಲಗೆಯ ಮುಂದೆ ಕೂತಳು. ಅಳಿಲುಕೂದಲಿನ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ, ಬಿಳಿ ಬಣ್ಣದಲ್ಲಿ ಅದ್ದಿ, ಒಂದು ಮುಖವನ್ನು ಪೂರ್ತಿ ಮುಚ್ಚಿದಳು.

"ಏ, ಅದಲ್ಲವ್ವಾ! ಅತ್ತರದಾಕಿನ್ನ ಯಾಕ ಅಳಸ್ದಿ? ಅಳಸೋದು ಆಕಿ ಬಾಜೂದಾಕಿನ್ನ!"

"ಕಣ್ಣು ಕಾಣ್ತಾವ್ರಿ ನನಗ."

ಬಿಳಿ ಒಣಗುವವರೆಗೆ ಅವಳು ಕುಂಚ ತೊಳೆದು ಕಪ್ಪು ಕಲಸಿದಳು. ಆಮೇಲೆ ಭಾಗಮ್ಮ ಅದೇ ಜಾಗದಲ್ಲಿ ಒಂದು ಹುಬ್ಬು ಎಳೆದಳು. ಅದರ ಕೆಳಗೆ ಒಂದು ಕಣ್ಣು. ಮೂಗನ್ನು ಮುಖದ ನಡುವಿಗೆ ತಂದಳು. ಅದರ ಆಚೆ ಇನ್ನೊಂದು ಹುಬ್ಬು.

ಭಗವಂತರಾಯರು ಎದ್ದು ಚಪ್ಪಲಿ ಮೆಟ್ಟುವ ಸದ್ದು ಕೇಳಿತು. ಈಶಪ್ಪ "ಸಾವುಕಾರ್ರ, ಸಾವುಕಾರ್ರ" ಎನ್ನುತ್ತ ಅಂಗಳದವರೆಗೆ ಹೋದ. ಭಾಗಮ್ಮ ತಲೆಯೆತ್ತಲಿಲ್ಲ. ಎರಡನೆಯ ಕಣ್ಣಿಗೆ ಕಪ್ಪಿಟ್ಟು, ಬಗ್ಗಿ, ಅದು ಹರಡದಂತೆ ಮೆಲ್ಲಗೆ ಊದತೊಡಗಿದಳು.