ಹತ್ತು ದಿನದ ಅಗೆತ

ಅಣ್ಣ ತೀರಿಕೊಂಡ ಇಪ್ಪತ್ತೆರಡನೆಯ ದಿನ ಅವನ ಹೆಸರಿಗೆ ವಿದೇಶದ ವಿಶ್ವವಿದ್ಯಾಲಯದಿಂದ ಒಂದು ಮೇಲ್ ಬಂತು. ಪುರಾತತ್ವ ಪದವಿಗೆ ನಿಮ್ಮ ಸೀಟು ಕಾದಿರಿಸಿದ್ದೇವೆ, ಆದರೆ ಹತ್ತು ದಿನ ಉತ್ಖನನದಲ್ಲಿ ದುಡಿದ ಪ್ರಮಾಣಪತ್ರ ಇನ್ನೂ ತಲುಪಿಲ್ಲ, ತಿಂಗಳ ಕೊನೆಯೊಳಗೆ ಕಳುಹಿಸಿ ಎಂದು ಅದರಲ್ಲಿತ್ತು.

ಅದನ್ನು ತೆರೆದು ಓದಿದವಳು ತಂಗಿ. ಮನೆಯಲ್ಲಿ ಅವಳನ್ನು ಇರುವೆ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಕೂತಲ್ಲಿ ಕೂರದೆ, ಸಿಕ್ಕಿದ್ದನ್ನೆಲ್ಲ ಹೊತ್ತು ತಂದು ಮೂಲೆಯಲ್ಲಿ ಪೇರಿಸುತ್ತಿದ್ದಳೆಂದು ಅಣ್ಣನೇ ಇಟ್ಟ ಹೆಸರು.

ಆ ಪ್ರಮಾಣಪತ್ರಕ್ಕೆಂದೇ ಅಣ್ಣ ಊರಾಚೆ ನಡೆಯುತ್ತಿದ್ದ ಉತ್ಖನನಕ್ಕೆ ಸೇರಿದ್ದ. ಅಂಕಗಳು ಬೇಕಾದಷ್ಟಿದ್ದವು, ಭಾಷಾ ಪರೀಕ್ಷೆಯೂ ಮುಗಿದಿತ್ತು. ಉಳಿದದ್ದು ಇದೊಂದೇ. ಎಂಟನೆಯ ದಿನ, ಹಿಂದಿನ ಸಂಜೆಯ ಮಳೆಗೆ ನೆನೆದಿದ್ದ ಗುಂಡಿಯ ಗೋಡೆ ಕುಸಿಯಿತು. ಒಳಗಿದ್ದ ಮೂವರಲ್ಲಿ ಇಬ್ಬರನ್ನು ಹೊರಗೆಳೆದರು. ಅವನನ್ನು ತೆಗೆಯುವಷ್ಟರಲ್ಲಿ ತಡವಾಗಿತ್ತು.

ಇರುವೆ ಮೇಲ್‌ಗೆ ಒಂದೇ ಸಾಲಿನ ಉತ್ತರ ಬರೆದಳು. ಮರುದಿನವೇ ಆ ಕಡೆಯ ಗುಮಾಸ್ತೆಯಿಂದ ಸಂತಾಪದ ಮಾತು ಬಂತು. ಕೊನೆಗೆ, ಕಡತ ಮುಚ್ಚಲು ಮರಣ ಪ್ರಮಾಣಪತ್ರದ ಪ್ರತಿ ಬೇಕಾಗುತ್ತದೆ, ಹೀಗೆ ಕೇಳುತ್ತಿರುವುದಕ್ಕೆ ಕ್ಷಮಿಸಿ ಎಂದಿದ್ದಳು. ಇರುವೆ ಅದನ್ನೂ ಕಳುಹಿಸಿದಳು. ಅಪ್ಪನಿಗಾಗಲಿ ಅಮ್ಮನಿಗಾಗಲಿ ಹೇಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಅಣ್ಣನಿಗೆ ಸೀಟು ಸಿಕ್ಕ ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಹೊಟ್ಟೆಕಿಚ್ಚಿಗೆ. ಅವನ ಪುಸ್ತಕಗಳನ್ನೆಲ್ಲ ಅವನಿಗಿಂತ ಮೊದಲು ಓದಿ ಮುಗಿಸುತ್ತಿದ್ದವಳು ಅವಳೇ. ಮಣ್ಣಿನ ಪದರಗಳ ಲೆಕ್ಕ ತಪ್ಪಿದಾಗ ತಿದ್ದುತ್ತಿದ್ದವಳೂ ಅವಳೇ. "ನೀನೇ ಹೋಗೇ ಮಾರಾಯ್ತಿ, ನಾನು ನಿನ್ನ ಸೂಟ್‌ಕೇಸ್ ಹೊತ್ಕೊಂಡು ಹಿಂದೆ ಬರ್ತೀನಿ" ಎಂದು ಅವನು ನಗುತ್ತಿದ್ದ.

ಒಂದು ವರ್ಷ ಕಳೆಯಿತು. ಇರುವೆ ಹನ್ನೆರಡನೆಯ ತರಗತಿ ಮುಗಿಸಿದಳು. ಇತಿಹಾಸದಲ್ಲಿ ವಿಶ್ವವಿದ್ಯಾಲಯ ಕೇಳಿದ್ದು ಎಪ್ಪತ್ತೈದು, ಅವಳಿಗೆ ಬಂದದ್ದು ತೊಂಬತ್ತೊಂದು. ಅದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಬೇಕಾದ ದಾಖಲೆಗಳ ಅದೇ ಪಟ್ಟಿ, ಉತ್ಖನನದ ಅದೇ ಹತ್ತು ದಿನ. ಬೇರೊಂದು ಊರಿನ ಉತ್ಖನನದಲ್ಲಿ ಅವಳನ್ನು ಸೇರಿಸಿಕೊಳ್ಳಲು ಒಪ್ಪಿದರು. ಆದರೆ ಹದಿನೆಂಟು ತುಂಬದವರಿಗೆ ತಂದೆಯದೋ ತಾಯಿಯದೋ ಸಹಿ ಬೇಕಿತ್ತು.

ಅಮ್ಮ ಶಾಲೆಯ ಸಮವಸ್ತ್ರಗಳನ್ನು ಹೊಲಿಯುತ್ತಿದ್ದಳು. ಇರುವೆ ಹಾಳೆಯನ್ನು ಮೆಷಿನ್ನಿನ ಹಲಗೆಯ ಮೇಲಿಟ್ಟಳು.

"ಏನಿದು?"

"ಒಪ್ಪಿಗೆ ಪತ್ರ ಅಮ್ಮ. ಒಂದು ಸಹಿ ಬೇಕು."

ಅಮ್ಮ ಓದುತ್ತ ಹೋದಳು. ಉತ್ಖನನ ಎಂಬ ಪದ ಬಂದಲ್ಲಿ ಅವಳ ಬೆರಳು ನಿಂತಿತು.

"ಒಬ್ಬನ್ನ ಮಣ್ಣು ತಿಂದಿದ್ದು ಸಾಲ್ದಾ?"

"ಅಮ್ಮಾ..."

"ಅವನ ಆಸೆನ ನೀನು ತಲೆ ಮೇಲೆ ಹೊತ್ಕೊಂಡು ತಿರುಗ್ಬೇಕಾಗಿಲ್ಲ ಕಣೆ. ಅವನೇನು ನಿನ್ನ ಕೇಳಿದ್ನಾ?"

ಹೌದು, ಅಣ್ಣನಿಗೋಸ್ಕರ ಎಂದುಬಿಟ್ಟಿದ್ದರೆ ಅಮ್ಮ ಕರಗುತ್ತಿದ್ದಳೇನೋ. ಇರುವೆಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಅವನ ಆಸೆ ಅಲ್ಲಮ್ಮ, ನಂದು. ಮೊದ್ಲಿಂದ್ಲೂ ನಂದೇ."

ಅಮ್ಮ ಹಾಳೆಯನ್ನು ಮಡಚಿ ಅವಳ ಕೈಗೆ ವಾಪಸ್ಸಿಟ್ಟು ಮೆಷಿನ್ ತುಳಿಯತೊಡಗಿದಳು. ಆಮೇಲೆ ಎರಡು ದಿನ ಮಾತಾಡಲಿಲ್ಲ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೂರನೆಯ ದಿನ ಇರುವೆ ಅಲ್ಲಿಗೇ ಹೋದಳು. ಅಪ್ಪ ಬಸ್ಸಿನ ಕೆಳಗಿದ್ದ, ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಅಮ್ಮನಿಂದ ವಿಷಯ ತಿಳಿದಿತ್ತು. ಅವಳ ಚಪ್ಪಲಿ ನೋಡಿಯೇ ಗುರುತು ಹಿಡಿದು ಕೆಳಗಿನಿಂದಲೇ ಕೇಳಿದ: "ಅಲ್ಲಿ ಗೋಡೆಗೆ ಆಸರೆ ಕೊಡ್ತಾರಾ?"

"ಕೊಡ್ತಾರೆ ಅಪ್ಪ. ಹಲಗೆ, ಅಡ್ಡಗೂಟ, ಎಲ್ಲಾ."

"ನೀನು ನೋಡಿದ್ಯಾ, ಇಲ್ಲ ಅವರು ಹೇಳಿದ್ದಾ?"

"ಹೇಳಿದ್ದು."

ಅಪ್ಪ ತೆವಳಿಕೊಂಡು ಹೊರಬಂದ. ಚಿಂದಿ ಬಟ್ಟೆಯಲ್ಲಿ ಕೈ ಎಷ್ಟು ಒರೆಸಿದರೂ ಸಹಿಯ ಪಕ್ಕ ಗ್ರೀಸಿನ ಕಲೆಯೊಂದು ಕೂತೇಬಿಟ್ಟಿತು. "ನಾನೂ ಬರ್ತೀನಿ. ರಜೆ ಮಿಕ್ಕಿದೆ," ಎಂದ.

ಹೀಗೆ ಅಪ್ಪ ಮಗಳು ದಿನವೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಅಮ್ಮ ಇಬ್ಬರಿಗೂ ಬುತ್ತಿ ಕಟ್ಟುತ್ತಿದ್ದಳು, ಮುಖ ಮಾತ್ರ ಕೊಡುತ್ತಿರಲಿಲ್ಲ. ಉತ್ಖನನದ ಮುಖ್ಯಸ್ಥೆ ಮಾತು ಕಡಿಮೆಯ ಹೆಂಗಸು. ವಿಷಯ ತಿಳಿದ ಮೇಲೆ ಅಪ್ಪನನ್ನು ಯಾವುದಕ್ಕೂ ತಡೆಯಲಿಲ್ಲ. ಇರುವೆ ಇಳಿಯುವ ಮುಂಚೆ ಅವನು ಗುಂಡಿಯ ಸುತ್ತ ಒಂದು ಸುತ್ತು ಬಂದು, ಗೋಡೆಗಳನ್ನು ಅಂಗೈಯಿಂದ ಒತ್ತಿ, ಅಡ್ಡಗೂಟಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಿದ್ದ. "ಯಜಮಾನ್ರು ಗುಂಡಿಗೂ ಸರ್ವಿಸ್ ಮಾಡ್ತಿದಾರೆ ನೋಡ್ರೋ" ಎಂದು ಕೆಲಸದವರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಇರುವೆ ಕುಂಚದಿಂದ ಮಣ್ಣು ಗುಡಿಸಿ ಒಲೆಯ ಸುಟ್ಟ ಅಂಚೊಂದನ್ನು ಬಿಡಿಸಿದ ದಿನ ಅವನೇ ಎಲ್ಲರಿಗಿಂತ ಮೊದಲು ಬಗ್ಗಿ ನೋಡಿದ. "ಯಾರೋ ಇಲ್ಲಿ ಅಡುಗೆ ಮಾಡಿದ್ರು" ಎಂದು ಎರಡು ಸಲ ಹೇಳಿದ.

ಒಂಬತ್ತನೆಯ ದಿನ ಅಪ್ಪ ಗುಂಡಿಯ ಬಳಿ ಬರಲಿಲ್ಲ. ಮರದ ಬುಡದಲ್ಲಿ ಕೂತವನು ಏಳಲೇ ಇಲ್ಲ. ಇರುವೆ ಅವನ ಹತ್ತಿರ ಹೋಗಿ ಕೂತಳು.

"ಅವನಿಗೆ ಈ ದಿನ ಸಿಗ್ಲಿಲ್ಲ," ಎಂದ ಅಪ್ಪ.

ಅವಳಿಗೂ ಬೆಳಗಿನಿಂದ ಅದೇ ತಲೆಯಲ್ಲಿತ್ತು.

"ಅವತ್ತು ಬೆಳಿಗ್ಗೆ ಅವನು ಓಡ್ತಾ ಹೊರಟಾಗ ಹೇಳೋಣ ಅನ್ಕೊಂಡೆ ಪುಟ್ಟಿ. ಜೋರು ಮಳೆ ಬಂದಿದೆ, ಇವತ್ತೊಂದು ದಿನ ಹೋಗ್ಬೇಡ ಅಂತ. ನಾನು ಬಾಯಿ ತೆರೆಯೋಕ್ಕೆ ಮುಂಚೆ, ಇವತ್ತೂ ಸೇರಿ ಮೂರೇ ದಿನ ಅಪ್ಪಾ ಅಂದ. ಸುಮ್ನಾದೆ. ನಿಮ್ಮಮ್ಮಂಗೆ ಇನ್ನೂ ಹೇಳಿಲ್ಲ."

ಅಪ್ಪ ಅಳುವುದನ್ನು ಇರುವೆ ಅಣ್ಣ ಸತ್ತಾಗಲೂ ಕಂಡಿರಲಿಲ್ಲ. ಈಗ ಅಷ್ಟು ಜನರ ಎದುರಿಗೆ, ಮಂಡಿಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ನಿನ್ನ ತಪ್ಪಲ್ಲ ಅಪ್ಪ ಎನ್ನಬೇಕೆಂದುಕೊಂಡಳು. ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು.

"ಇವತ್ತು ಇಳಿಯಲ್ಲ ಅಪ್ಪ. ಮನೆಗೆ ಹೋಗೋಣ."

"ಬೇಡ," ಎಂದು ಅಪ್ಪ ಮೂಗು ಒರೆಸಿಕೊಂಡ. "ನಡಿ. ಒಂದ್ಸಲ ನೋಡ್ಬಿಡ್ತೀನಿ."

ಅಂದು ಗೋಡೆಗಳನ್ನು ಒತ್ತಿ ನೋಡಲು ಅರ್ಧ ಗಂಟೆ ಹಿಡಿಯಿತು. ಯಾರೂ ನಗಲಿಲ್ಲ.

ಪ್ರಮಾಣಪತ್ರ ಬಂತು. ಭಾಷಾ ಪರೀಕ್ಷೆಯಲ್ಲಿ ಮೊದಲ ಸಲ ಬರವಣಿಗೆಗೆ ಅರ್ಧ ಅಂಕ ಕಡಿಮೆಯಾಯಿತು. ಎರಡನೆಯ ಸಲ ದಾಟಿದಳು. ಸೀಟಿನ ಪತ್ರಕ್ಕೆ ಸಹಿ ಹಾಕಿದ್ದವಳು ಅದೇ ಗುಮಾಸ್ತೆ. ಮನೆತನದ ಹೆಸರನ್ನೋ ವಿಳಾಸವನ್ನೋ ನೋಡಿ ಗುರುತಿಸಿದಳೇನೋ, ಕೆಳಗೆ ಬೇರೆಯಾಗಿ ಬರೆದಿದ್ದಳು: ನೀವು ಬರುತ್ತಿರುವುದು ನನಗೆ ಸಂತೋಷ.

ಹೊರಡುವ ದಿನ ಬೆಳಿಗ್ಗೆ ಅಮ್ಮ ಬಂದು ತೆರೆದ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಳು. ಇರುವೆ ಮಡಚಿಟ್ಟಿದ್ದ ಬಟ್ಟೆಗಳನ್ನೆಲ್ಲ ಹೊರತೆಗೆದು ಮತ್ತೆ ಮಡಚತೊಡಗಿದಳು.

"ನಿಮ್ಮಪ್ಪ ಹೇಳಿದ್ರು, ಮಳೆ ವಿಷಯ," ಎಂದಳು. "ತಪ್ಪು ಅವರೊಬ್ರದ್ದೇ ಅಲ್ಲ. ಅವತ್ತು ಅವನು ಎದ್ದಿದ್ದೇ ತಡವಾಗಿ. ಬಸ್ಸು ತಪ್ಪಿತು, ಇವತ್ತು ಹೋಗಲ್ಲ ಬಿಡಮ್ಮ ಅಂತ ಮಗ್ಗುಲು ಬದಲಾಯಿಸಿದ. ಓಡಿದ್ರೆ ಸಿಗುತ್ತೆ ಅಂತ ನಾನೇ ಎಬ್ಬಿಸಿ ಕಳಿಸ್ದೆ."

ಇರುವೆ ಕೈಯಲ್ಲಿದ್ದ ಅಂಗಿ ಕೆಳಗಿಟ್ಟು ಅಮ್ಮನ ಪಕ್ಕ ಕೂತಳು.

"ನಿನ್ನನ್ನ ಎಲ್ಲಿಗೂ ಕಳಿಸ್ಬಾರ್ದು ಅನ್ಕೊಂಡಿದ್ದೆ," ಎಂದಳು ಅಮ್ಮ. "ಈಗ್ಲೂ ಮನಸ್ಸಿಲ್ಲ. ಆದ್ರೆ ಆಸೆ ನಂದೇ ಅಂದ್ಯಲ್ಲ, ಅದನ್ನ ಹೇಗೆ ತಡೀಲಿ?"

ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು, ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಳು. ಜಿಪ್ ಎಳೆಯಲು ಅಪ್ಪನನ್ನು ಕೂಗಿದಳು.